ಎಲೆ ಅಡಕೆ ಬದಲಾಗುವ ಮೊದಲು

ಈ ಮಾತು ತಿಳಿದವರಿಗೆ. ಸಾಲಿ ಕಲಿತವರಿಗೆ, ಸಾಲಿ ಕಲಿಸುವವರಿಗೆ, ‘ನೀವ ಮುಂದ ನಿಂತು ಕಾರ್ಯಾ ಮಾಡಿಕೊಡಬೇಕ್ರಿ’ ಎಂದು ಲಗ್ನದ ಮಾತುಕತೆಗೆ ಊರು ಕೈಮುಗಿದು ಕರೆಯುವ ಹಿರಿಯರಿಗೆ. ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಕೊಂಡ ನೌಕರದಾರರಿಗೆ, ಬಾದಾಮಿಯ ವಕೀಲರಿಗೆ, ಹುನಗುಂದದ ಅಡತಿ ಅಂಗಡಿಯ ಸಾವಕಾರರಿಗೆ, ಇಳಕಲ್ಲಿನ ಸೀರೆ ವ್ಯಾಪಾರಿಗಳಿಗೆ, ಅಂಗನವಾಡಿ ಅಕ್ಕಂದಿರಿಗೆ, ಆಶಾ ತಂಗಿಯರಿಗೆ, ಮಠದ ಅಪ್ಪನವರಿಗೆ, ಓಣಿಯ ಡಾಕ್ಟರರಿಗೆ. ನೀವು ಕೆಟ್ಟವರಲ್ಲ. ಪಕ್ಕದ ಮನೆಯ ಕೂಸಿಗೆ ಜ್ವರ ಬಂದರೆ ನಡುರಾತ್ರಿ ಗಾಡಿ ತೆಗೆಯುವವರು ನೀವು. ಯಾರದೋ ಮಗಳ ಲಗ್ನಕ್ಕೆ ಕೈಲಾದಷ್ಟು ಕೊಟ್ಟು ಹೆಸರು ಹೇಳಿಕೊಳ್ಳದವರು ನೀವು. ಅದಕ್ಕೇ ಈ ಮೊರೆ ನಿಮ್ಮ ಮುಂದೆ.

ನಿಮಗೆ ಗೊತ್ತಿತ್ತು. ಅಕ್ಕ ತನ್ನ ಮಗಳನ್ನು ತಮ್ಮನಿಗೇ ಕೊಡುತ್ತೇನೆಂದು ಹಟ ಹಿಡಿದಾಗ, ಆ ಮನೆತನದಲ್ಲಿ ಹಿಂದಿನ ತಲೆಮಾರಿನಲ್ಲೂ ಹೀಗೇ ಆಗಿತ್ತೆಂಬುದು ನಿಮಗೆ ಗೊತ್ತಿತ್ತು. ಅಜ್ಜಿಯ ಎರಡು ಕೂಸು ವರ್ಷ ತುಂಬುವುದರೊಳಗೆ ಹೋಗಿದ್ದವೆಂಬುದು, ಹಿತ್ತಲ ಕೋಣೆಯಲ್ಲಿ ಕಿವಿ ಕೇಳದ, ಮಾತು ಬಾರದ ಒಬ್ಬ ಕಾಕಾ ಇಡೀ ಆಯುಷ್ಯ ಕಳೆದನೆಂಬುದು ನಿಮಗೆ ಗೊತ್ತಿತ್ತು. ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲವೆಂಬುದೂ ಗೊತ್ತಿತ್ತು. ಆಗ ಒಂದು ಮಾತು ಸಾಕಿತ್ತು. ‘ಅವರ ಮನಿ ವಿಚಾರ, ನಮಗ್ಯಾಕ’ ಎಂದುಕೊಂಡು ಎಲೆ ಅಡಕೆ ಹಿಡಿದು, ಉಂಡು, ಅಕ್ಕಿಕಾಳು ಹಾಕಿ ಹರಸಿ ಬಂದಿರಿ.

ನೀವು ಹರಸಿ ಬಂದ ಅಂಥ ಒಂದು ಮನೆಯ ಕೂಸನ್ನು ಈಗ ಬಂದು ನೋಡಿ. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ತಾಯಿ ಏರುತ್ತಾಳೆ. ಜೊತೆಗೆ ಎಂಟು ವರ್ಷದ ಹುಡುಗ. ನೋಡಿದರೆ ಐದು ಎನ್ನಬೇಕು. ಬುತ್ತಿಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಮಜ್ಜಿಗೆ. ಕೈಚೀಲದಲ್ಲಿ ಮೂಲೆ ಸವೆದ ಆಸ್ಪತ್ರೆಯ ಫೈಲು. ಬಾಗಲಕೋಟೆ ಮುಟ್ಟುವುದರೊಳಗೆ ಹುಡುಗ ಎರಡು ಸಲ ನಿದ್ದೆ ಹೋಗುತ್ತಾನೆ. ರಕ್ತ ಇಳಿದ ದಿನಗಳಲ್ಲಿ ಅವನಿಗೆ ಕೂರಲೂ ಶಕ್ತಿ ಇರುವುದಿಲ್ಲ. ವಾರ್ಡಿನಲ್ಲಿ ಸಿಸ್ಟರ್ ನರ ಹುಡುಕುತ್ತಾರೆ. ಚುಚ್ಚಿ ಚುಚ್ಚಿ ಗಟ್ಟಿಯಾದ ಮುಂಗೈ. ಹುಡುಗ ಅಳುವುದಿಲ್ಲ. ‘ಆ ಕೈ ಬ್ಯಾಡ್ರಿ ಸಿಸ್ಟರ್, ಈ ಕೈಯಾಗ ಲಗೂ ಸಿಗತೈತಿ’ ಎಂದು ತಾನೇ ಇನ್ನೊಂದು ಕೈ ಮುಂದೆ ಮಾಡುತ್ತಾನೆ. ಎಂಟು ವರ್ಷದ ಮಗುವಿಗೆ ತನ್ನ ನರ ಎಲ್ಲಿ ಸಿಗುತ್ತದೆಂಬ ಲೆಕ್ಕ ಗೊತ್ತಿರಬೇಕಾದ ಬದುಕು ಅದು.

ಅದರ ಹೆಸರು ಥಲಸ್ಸೀಮಿಯಾ. ಮೈಗೆ ಬೇಕಾದ ಹಿಮೋಗ್ಲೋಬಿನ್ನನ್ನು ಅವನ ಮೈ ತಾನೇ ಮಾಡಿಕೊಳ್ಳಲಾರದು. ಎರಡು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಬೇಕು, ಬದುಕಿರುವಷ್ಟು ದಿನ. ಏರಿದ ರಕ್ತದಲ್ಲಿರುವ ಕಬ್ಬಿಣ ಹೊರಗೆ ಹೋಗಲು ದಾರಿ ಕಾಣದೆ ಯಕೃತ್ತಿನಲ್ಲಿ, ಗುಂಡಿಗೆಯಲ್ಲಿ, ಬೆಳವಣಿಗೆಯನ್ನು ನಡೆಸುವ ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಲು ದಿನವೂ ನೀರಿನಲ್ಲಿ ಕದಡಿ ಕುಡಿಯುವ ಗುಳಿಗೆ ಬೇರೆ. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ, ರಕ್ತದ ಚೀಲ ಖಾಲಿಯಾಗುವವರೆಗೆ ಅವನ ಕಾಲು ನೀವುತ್ತ ಕೂರುತ್ತಾಳೆ. ಆಕೆಗೆ ರೋಗವಿಲ್ಲ, ಗಂಡನಿಗೂ ಇಲ್ಲ. ಇಬ್ಬರೂ ವಾಹಕರು, ದೋಷದ ಒಂದೊಂದು ಪಾಲನ್ನು ತಿಳಿಯದೆ ಹೊತ್ತವರು. ಲಗ್ನಕ್ಕೆ ಮುಂಚೆ ಇಬ್ಬರ ಒಂದೊಂದು ಸಣ್ಣ ಸೀಸೆ ರಕ್ತ ತೆಗೆದು ಹಿಮೋಗ್ಲೋಬಿನ್ ಎ2 ಎಷ್ಟಿದೆಯೆಂದು ನೋಡಿದ್ದರೆ ಸಾಕಿತ್ತು, ಇದು ಅಂದೇ ತಿಳಿಯುತ್ತಿತ್ತು. ಸಾಲಾವಳಿ ನೋಡಿದರು, ಗುಣ ಎಣಿಸಿದರು, ಮುಹೂರ್ತ ತೆಗೆಸಿದರು. ರಕ್ತ ನೋಡಲಿಲ್ಲ. ನೋಡಿರೆಂದು ಹೇಳುವವರು ಯಾರಾದರೂ ಅಲ್ಲಿ ಇದ್ದರೆ ಅದು ನೀವು. ಒಂದು ಮಾತು ಸಾಕಿತ್ತು.

ಇದು ಹೇಗೆ ಆಗುತ್ತದೆಂಬುದನ್ನು ಇಳಕಲ್ಲಿನವರಿಗೆ ಮಗ್ಗದ ಮಾತಿನಲ್ಲೇ ಹೇಳಬಹುದು. ನಮ್ಮ ಮೈಯ ವಂಶವಾಹಿಗಳು ಜೋಡಿಯಾಗಿ ಬರುತ್ತವೆ, ತಾಯಿಯಿಂದ ಒಂದು ಎಳೆ, ತಂದೆಯಿಂದ ಒಂದು ಎಳೆ. ಜೋಡಿಯಲ್ಲಿ ಒಂದು ಸವೆದಿದ್ದರೂ ಇನ್ನೊಂದು ಗಟ್ಟಿಯಿದ್ದರೆ ನೆಯ್ಗೆ ನಿಲ್ಲುತ್ತದೆ, ಸವೆದದ್ದು ಕಣ್ಣಿಗೆ ಬೀಳುವುದೂ ಇಲ್ಲ. ನಮ್ಮಲ್ಲಿ ಪ್ರತಿಯೊಬ್ಬರಲ್ಲೂ ಹೀಗೆ ಸವೆದ ಎಳೆ ಕೆಲವು ಇದ್ದೇ ಇವೆ. ಬಡವರಲ್ಲಿ, ಸಿರಿವಂತರಲ್ಲಿ, ಮೇಲಿನವರು ಕೆಳಗಿನವರು ಎನ್ನಿಸಿಕೊಂಡ ಎಲ್ಲರಲ್ಲಿ. ಎರಡೂ ಎಳೆ ಒಂದೇ ಕಡೆ ಸವೆದಿದ್ದಾಗ ಮಾತ್ರ ಬಟ್ಟೆ ಹರಿಯುತ್ತದೆ. ಎರಡೂ ಎಳೆ ಒಂದೇ ಲಡಿಯಿಂದ ಬಿಚ್ಚಿ ಬಂದಿದ್ದರೆ, ಸವೆತ ಒಂದೇ ಕಡೆ ಬೀಳುವ ಸಂಭವ ಹೆಚ್ಚು. ಸೋದರಮಾವ ಮತ್ತು ಸೊಸೆ ತಮ್ಮ ವಂಶವಾಹಿಗಳಲ್ಲಿ ನಾಲ್ಕರಲ್ಲೊಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಅತ್ತೆಯ ಮಗ, ಮಾವನ ಮಗಳು ಎಂಟರಲ್ಲೊಂದು ಪಾಲನ್ನು. ತಲೆಮಾರಿನ ಮೇಲೆ ತಲೆಮಾರು ಅದೇ ಬಳಗದಲ್ಲಿ ಕೊಟ್ಟು ತಂದಲ್ಲಿ ಆ ಪಾಲು ಇನ್ನೂ ಬೆಳೆಯುತ್ತದೆ. ವಾಹಕರಿಬ್ಬರು ಕೂಡಿದರೆ ಪ್ರತಿ ಬಸಿರಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮೊದಲ ಕೂಸಿಗೆ ಆಯಿತು, ಇನ್ನು ಮುಂದಿನ ಮೂರಕ್ಕೆ ಆಗದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು.

ಸುಳ್ಳು ಹೇಳಿ ನಿಮ್ಮನ್ನು ಹೆದರಿಸುವುದು ನನಗೆ ಬೇಡ. ಬಳಗದಲ್ಲಿ ಲಗ್ನವಾದವರ ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಹುಟ್ಟುತ್ತಾರೆ. ಯಾವ ದಂಪತಿಗಾದರೂ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟುದೋಷ ಇರುವ ಸಂಭವವಿದ್ದರೆ, ಅತ್ತೆ ಮಾವನ ಮಕ್ಕಳು ಮದುವೆಯಾದಾಗ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸೋದರಮಾವನಾದರೆ ಇನ್ನೂ ಹೆಚ್ಚು. ‘ನಮ್ಮವ್ವನೂ ಸೋದರಮಾವನ್ನ ಮಾಡಿಕೊಂಡಿದ್ಳು, ನಮಗೇನಾಗೇತಿ?’ ಎಂದು ಕೇಳುವವರು ತಪ್ಪು ಹೇಳುತ್ತಿಲ್ಲ. ಆದರೆ ಉಳಿದ ಆ ಕೆಲವು ಮಕ್ಕಳಿಗೆ ಮಾತುಕತೆಯಲ್ಲಿ ಬಾಯಿಲ್ಲ. ಅವು ಇನ್ನೂ ಹುಟ್ಟಿಲ್ಲ. ಹುಟ್ಟಿದ ಮೇಲೂ ಕೆಲವಕ್ಕೆ ಮಾತು ಬರುವುದಿಲ್ಲ. ಅವುಗಳ ಪರವಾಗಿ ಪಡಸಾಲೆಯಲ್ಲಿ ಕೂತು ಮಾತಾಡಬಲ್ಲವರು ನೀವೊಬ್ಬರೇ.

ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿರಾವ್, ಸಾವಿತ್ರಿ, ಅವರ ಜೊತೆ ಆಲನ್ ಬಿಟ್ಲ್ಸ್ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷಿಸುತ್ತ ತಾಯ್ತಂದೆಯರ ನಂಟನ್ನೂ ಬರೆದುಕೊಂಡರು. ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದಾಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬರುವ ಹೊತ್ತಿಗೂ ಕರ್ನಾಟಕದಲ್ಲಿ ನೂರಕ್ಕೆ 27 ಮದುವೆಗಳು ಬಳಗದೊಳಗಿನವೇ; ದೇಶದಲ್ಲಿ ಅದು ನೂರಕ್ಕೆ 11. 1955ರ ಹಿಂದೂ ವಿವಾಹ ಕಾಯಿದೆ ಸೋದರಮಾವ–ಸೊಸೆಯ ನಂಟನ್ನು ನಿಷಿದ್ಧ ಸಂಬಂಧಗಳ ಸಾಲಿನಲ್ಲಿಟ್ಟು, ರೂಢಿಯಿದ್ದಲ್ಲಿ ನಡೆಯಲಿ ಎಂದು ಬಿಟ್ಟಿತು. ಕಾಯಿದೆ ರೂಢಿಗೆ ಬಿಟ್ಟಿತು, ರೂಢಿ ಹಿರಿಯರಿಗೆ ಬಿಟ್ಟಿತು, ಹಿರಿಯರು ದೇವರಿಗೆ ಬಿಟ್ಟರು.

ರೂಢಿಯ ಹಿಂದೆ ಪ್ರೀತಿಯೂ ಇದೆ, ಬಲ್ಲೆ. ಗೊತ್ತಿದ್ದ ಮನೆಗೆ ಕೊಟ್ಟರೆ ಮಗಳ ಕಣ್ಣಲ್ಲಿ ನೀರು ಬರದು ಎಂಬ ತಾಯಿಯ ನಂಬಿಕೆ. ಅತ್ತೆಯೇ ಅಜ್ಜಿಯಾದರೆ ಹಸಿ ಬಾಣಂತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂಬ ಭರವಸೆ. ವರದಕ್ಷಿಣೆಯ ಬಾಯಿಗೆ ಬೀಳದೆ ಪಾರಾಗುವ ಬಡವರ ಉಪಾಯ. ಹೊಲ ಹೊರಗೆ ಹೋಗಬಾರದೆಂಬ ಕಾಳಜಿ ಈ ಸೀಮೆಯಲ್ಲಿ ಸಣ್ಣದಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ ಬಿಟ್ಟುಕೊಟ್ಟು ಬಂದವರಿಗೆ ಉಳಿದ ನಾಲ್ಕೆಕರೆ ಎಂದರೆ ಜೀವ. ಈ ಕಾರಣಗಳನ್ನು ಹೀಯಾಳಿಸುವವರು ಹಳ್ಳಿಯ ತಾಯಿಯ ಹೊಟ್ಟೆಯ ಸಂಕಟ ಕಂಡವರಲ್ಲ. ಆದರೆ ಮಗಳ ಸುಖಕ್ಕೆಂದು ಮಾಡಿದ ನಂಟಿನಲ್ಲಿ ಮಗಳೇ ಮೂರು ಸಲ ಕೂಸನ್ನು ಮಣ್ಣು ಮಾಡಿ ಬಂದು ಮೂಲೆ ಹಿಡಿದು ಕೂತರೆ, ಆ ಹೊಲ ಯಾರಿಗೆ? ಆ ಭರವಸೆ ಯಾರಿಗೆ? ಇದನ್ನು ಆ ತಾಯಿಗೆ ಮೊದಲೇ ಮೆಲ್ಲಗೆ, ಆಕೆಯ ಮನಸ್ಸು ನೋಯದಂತೆ ಹೇಳಬಲ್ಲವರು ಊರಲ್ಲಿ ಇದ್ದರು. ನೀವಿದ್ದಿರಿ.

ಕಿವಿ ಕೇಳದ ಮಕ್ಕಳ ಮಾತು ಇನ್ನೂ ಸಂಕಟದ್ದು. ಹುಟ್ಟುಕಿವುಡಿಗೆ ವಂಶವಾಹಿ ಒಂದು ದೊಡ್ಡ ಕಾರಣ. ಜಿಜೆಬಿ2 ಎಂಬ ಒಂದೇ ವಂಶವಾಹಿಯ ದೋಷ ಜಗತ್ತಿನ ಎಷ್ಟೋ ಮನೆಗಳನ್ನು ಮೌನಕ್ಕೆ ತಳ್ಳಿದೆ, ಭಾರತದ ಮನೆಗಳನ್ನೂ. ಕೂಸು ಗುಂಡುಗುಂಡಾಗಿರುತ್ತದೆ, ನಗುತ್ತದೆ, ಕೈ ಚಾಚುತ್ತದೆ. ಬನಶಂಕರಿ ಜಾತ್ರೆಯ ಗದ್ದಲದ ನಡುವೆ, ಡೊಳ್ಳಿನ ಬದಿಯಲ್ಲೇ ನೆಮ್ಮದಿಯಾಗಿ ಮಲಗಿ ನಿದ್ದೆ ಮಾಡುತ್ತದೆ. ‘ಎಷ್ಟ ಶಾಣ್ಯಾ ಕೂಸು’ ಎನ್ನುತ್ತಾರೆ ಎಲ್ಲರೂ. ನೀವು ಅಂಗನವಾಡಿಯವರಾಗಿದ್ದರೆ ಆ ನಿದ್ದೆ ನೋಡಿ ನಿಮ್ಮ ಎದೆ ಒಮ್ಮೆ ಧಸಕ್ಕೆಂದಿರಬೇಕು. ಎರಡು ವರ್ಷವಾದರೂ ‘ಅವ್ವಾ’ ಎನ್ನದಿದ್ದಾಗ ‘ಅವರಪ್ಪನೂ ತಡದ ಮಾತಾಡಿದ್ದ’ ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ, ಇನ್ನೊಂದು ಹರಕೆ ಹೊರುತ್ತಾಳೆ. ಮಾತು ಕಲಿಯುವ ಮಿದುಳಿನ ವಯಸ್ಸು ಹರಕೆಗೆ ಕಾಯುವುದಿಲ್ಲ. ಮೊದಲ ಕೆಲವು ವರ್ಷಗಳೊಳಗೆ ಕಿವಿಗೆ ಯಂತ್ರ ಬಿದ್ದರೆ, ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಆದರೆ, ಆ ಕೂಸು ಅವ್ವಾ ಎಂದೀತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಹುಟ್ಟುದೋಷವಿದ್ದ ಮಗುವನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ತಂಡ ಬಂದ ದಿನ ಆ ಕೂಸನ್ನು ಮನೆಯವರು ಕಳಿಸಲಿಲ್ಲ, ‘ಮಂದಿ ಏನಂದಾರು’ ಎಂದರು. ನಿಮಗೆ ಗೊತ್ತಿತ್ತು. ಎತ್ತಿಕೊಂಡು ಬರಬಹುದಿತ್ತು. ಒಂದು ಮಾತು ಸಾಕಿತ್ತು.

ಇನ್ನು ತಾಯಂದಿರ ಮೇಲೆ ಹೊರಿಸುವ ಹೊರೆ. ‘ಆಕಿ ಹೊಟ್ಟಿ ನಿಲ್ಲವಲ್ದು’ ಎನ್ನುತ್ತೇವೆ. ‘ಗ್ರಹಣದಾಗ ಹೊರಗ ಬಂದಿದ್ಳು’, ‘ಹಿಂದಿನ ಜನ್ಮದ ಕರ್ಮ’, ‘ಅವರ ತವರಮನಿ ದೋಷ’ ಎನ್ನುತ್ತೇವೆ. ನಿಮ್ಮಲ್ಲಿ ವಿಜ್ಞಾನ ಕಲಿಸುವವರಿದ್ದೀರಿ. ಕರಿಹಲಗೆಯ ಮೇಲೆ ಎಕ್ಸ್, ವೈ ಎಂದು ಬರೆದು, ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬಂದ ವರ್ಣತಂತು ಎಂದು ಹತ್ತನೆಯ ತರಗತಿಯ ಮಕ್ಕಳಿಗೆ ಬರೆಸಿದವರು ನೀವು. ಮೂರನೆಯದೂ ಹೆಣ್ಣೆಂದು ಪಕ್ಕದ ಮನೆಯ ಸೊಸೆಯನ್ನು ತವರಿಗೆ ಅಟ್ಟಿದ ಸಂಜೆ, ಆ ಪಾಠ ನಿಮ್ಮ ಬಾಯಿಗೆ ಏಕೆ ಬರಲಿಲ್ಲ? ಮೊದಲ ಮೂರು ತಿಂಗಳಲ್ಲಿ ಜಾರಿಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟು ವರ್ಣತಂತುಗಳ ಎಣಿಕೆ ತಪ್ಪಿದ್ದರಿಂದ ಹೋಗುತ್ತವೆ. ಅದರಲ್ಲಿ ಆಕೆ ಭಾರ ಎತ್ತಿದ್ದೂ ಇಲ್ಲ, ಪಪ್ಪಾಯಿ ತಿಂದದ್ದೂ ಇಲ್ಲ. ಮತ್ತೆ ಮತ್ತೆ ಬಸಿರು ಇಳಿಯುತ್ತಿದ್ದರೆ ಗಂಡ ಹೆಂಡತಿ ಇಬ್ಬರ ವರ್ಣತಂತುಗಳನ್ನೂ ಪರೀಕ್ಷಿಸಬೇಕು. ಇಬ್ಬರದೂ. ದೋಷ ಗಂಡನಲ್ಲೂ ಇರಬಹುದು, ಅವನಿಗೆ ಏನೂ ತೊಂದರೆ ಕೊಡದೆಯೇ ಇರಬಹುದು. ಹದಿನಾರಾದರೂ ಮೈನೆರೆಯದ, ಗಿಡ್ಡಗೆ ಉಳಿದ ಹುಡುಗಿಯನ್ನು ಓಣಿ ಬೇರೆ ಹೆಸರಿಟ್ಟು ಕರೆಯುತ್ತದೆ. ಆಕೆಯಲ್ಲಿ ಒಂದು ಎಕ್ಸ್ ಕಡಿಮೆಯಿರಬಹುದು, ಅದಕ್ಕೆ ಟರ್ನರ್ ಸಿಂಡ್ರೋಮ್ ಎನ್ನುತ್ತಾರೆ, ಸಮಯಕ್ಕೆ ಡಾಕ್ಟರರ ಬಳಿ ಹೋದರೆ ಔಷಧವಿದೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ನೀವೆಲ್ಲ ಕಂಡಿದ್ದೀರಿ. ಚಪ್ಪಟೆ ಮೂಗು, ಮೇಲಕ್ಕೆ ಬಾಗಿದ ಕಣ್ಣು, ಯಾರು ಬಂದರೂ ಓಡಿ ಬಂದು ಅಪ್ಪಿಕೊಳ್ಳುವ ಮಕ್ಕಳು. 21ನೆಯ ವರ್ಣತಂತು ಎರಡಿರಬೇಕಾದಲ್ಲಿ ಮೂರಿರುವುದು ಇದಕ್ಕೆ ಕಾರಣವೆಂದು 1959ರಲ್ಲೇ ಪ್ಯಾರಿಸ್ಸಿನಿಂದ ಪ್ರಕಟವಾಯಿತು. ಇದು ಬಳಗದ ಲಗ್ನದಿಂದ ಬಂದದ್ದಲ್ಲ. ಸೋದರಿಕೆಯನ್ನು ಬೈಯುವ ಉತ್ಸಾಹದಲ್ಲಿ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಇನ್ನೊಂದು ಅನ್ಯಾಯ. ಬಹುಪಾಲು ಇದು ಅಂಡ ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆಗುವ ತಪ್ಪು. ತಾಯಿಯ ವಯಸ್ಸು ಮೂವತ್ತೈದು ದಾಟಿದಂತೆ ಸಂಭವ ಏರುತ್ತದೆ, ನಲವತ್ತರ ಹೊತ್ತಿಗೆ ನೂರರಲ್ಲಿ ಒಂದರ ಹತ್ತಿರ. ಡೌನ್ ಇರುವ ನೂರು ಕೂಸುಗಳಲ್ಲಿ ಮೂರು ನಾಲ್ಕರಲ್ಲಿ ಮಾತ್ರ ವರ್ಣತಂತುವೊಂದು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅವುಗಳಲ್ಲಿ ಕೆಲವು ಮನೆತನದಲ್ಲಿ ಇಳಿದು ಬರಬಹುದು. ಆ ಕೂಸು ಕಲಿಯುತ್ತದೆ, ತಡವಾಗಿ ಕಲಿಯುತ್ತದೆ, ಕಲಿಸುವವರು ಬೇಕು. ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುವುದರಿಂದ ಹುಟ್ಟಿದ ಕೂಡಲೇ ಎಕೋ ಮಾಡಿಸಬೇಕು. ಅದನ್ನು ಬಿಟ್ಟು, ಬಂದವರ ಮುಂದೆ ತೋರಿಸಬಾರದೆಂದು ಕೂಸನ್ನು ಒಳಕೋಣೆಗೆ ಸರಿಸುತ್ತೇವೆ. ನಿಮ್ಮ ಸಾಲಿಯ ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಹೆಸರಿರಲಿ ಎಂದು ಕೇಳಲು ಅದಕ್ಕೆ ಬರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆ ಹಕ್ಕನ್ನು ಕೊಟ್ಟಿದೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಇರುವವರನ್ನೂ ತನ್ನ 21 ವಿಧಗಳ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಕಾಯಿದೆ ಇದೆ. ಅದನ್ನು ಆ ಮನೆಯ ಹೊಸ್ತಿಲಿಗೆ ಒಯ್ಯುವವರಿಲ್ಲ.

ಮನೆತನದಲ್ಲಿ ಬರುವ ಎಲ್ಲ ಬೇನೆಯೂ ಹೀಗೆ ಒಂದೇ ಎಳೆಯದಲ್ಲ. ಸಕ್ಕರೆ ಬೇನೆ, ಬಿ.ಪಿ., ಹೃದಯಾಘಾತ, ಮನಸ್ಸಿನ ಬೇನೆ ಇವುಗಳ ಹಿಂದೆ ನೂರಾರು ವಂಶವಾಹಿಗಳ ಚೂರುಪಾರು ಪ್ರಭಾವವಿದೆ, ಜೊತೆಗೆ ಉಣ್ಣುವುದರ, ದುಡಿಯುವುದರ, ಕುಡಿಯುವುದರ, ಕೊರಗುವುದರ ಪ್ರಭಾವವಿದೆ. ಅಪ್ಪನಿಂದ ಬರುವುದು ಒಲವು ಮಾತ್ರ, ಹಣೆಬರಹವಲ್ಲ. ಅಪ್ಪನಿಗೆ ಸಕ್ಕರೆ ಇದ್ದರೆ ಮಗ ಮೂವತ್ತಕ್ಕೇ ರಕ್ತ ನೋಡಿಸಿಕೊಳ್ಳಲಿ, ಗಿರಣಿ ಅಕ್ಕಿಯ ಅನ್ನದ ರಾಶಿ ಬಿಟ್ಟು ಅಜ್ಜ ಉಂಡ ಜೋಳದ ರೊಟ್ಟಿಗೆ, ಹೆಸರಕಾಳು ಪಲ್ಯೆಗೆ ಮರಳಲಿ, ನಡೆಯಲಿ. ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಬೇನೆ ಇರುವ ತಾಯಿಯ ಅಥವಾ ತಂದೆಯ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಆ ಬೇನೆ ಬರುವುದಿಲ್ಲ. ಅದನ್ನು ತಿಳಿದೂ ನಾವು ಆ ಮನೆಯ ಹೆಣ್ಣುಮಕ್ಕಳಿಗೆ ‘ಹುಚ್ಚರ ಮನಿತನ’ ಎಂದು ಗಂಡು ಸಿಗದಂತೆ ಮಾಡುತ್ತೇವೆ. ಆ ಭಯಕ್ಕೆ ಅವರು ಬೇನೆ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದಕ್ಕೆ ಔಷಧ ತಪ್ಪುತ್ತದೆ. ‘ಲಗ್ನ ಆದ್ರ ಸರಿಹೋಗತೈತಿ’ ಎಂದು ಕಟ್ಟಿದ ಬಾಸಿಂಗದ ಕೆಳಗೆ ಎರಡು ಜೀವ ಬೇಯುತ್ತವೆ.

ಮುಚ್ಚಿಡುವಂತೆ ಮಾಡುವ ಇಂಥ ಕಳಂಕದ ಬೆಲೆಯನ್ನು ಕನ್ನಡನಾಡು ಮೊದಲೇ ತೆತ್ತಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ದಲಿತ ಕೇರಿಯ ಜನರ ಸೊಂಟ, ಮೊಣಕಾಲು ಹಿಡಿದುಕೊಂಡು, ದುಡಿಯುವವರು ತೆವಳುವಂತಾದಾಗ ಗದ್ದೆಯ ಏಡಿ ತಿಂದದ್ದರಿಂದ ಬಂತು, ಕ್ರಿಮಿನಾಶಕದಿಂದ ಬಂತು ಎಂದರು. ಮೂಳೆ ಕೀಲುಗಳ ಆನುವಂಶಿಕ ಬೇನೆ ಅದೆಂದು ವಿಜ್ಞಾನಿಗಳು ತಿಳಿಯುವಷ್ಟರಲ್ಲಿ ಊರಿನ ಹೆಸರೇ ರೋಗದ ಹೆಸರಾಗಿ ಹೋಗಿತ್ತು. ಆ ಊರಿನವರು ತಮ್ಮೂರ ಹೆಸರು ಹೇಳಿದರೆ ಕೇಳಿದವರ ಮುಖ ಏನಾಗಿರಬೇಕು, ಯೋಚಿಸಿ. ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ದಾವಣಗೆರೆಯಲ್ಲಿದೆ. ಅಲ್ಲಿನ ಡಾ. ಸುರೇಶ್ ಹನಗವಾಡಿ ಹಿಮೋಫಿಲಿಯಾ ಹೊತ್ತೇ ಹುಟ್ಟಿದವರು. ಗಾಯವಾದರೆ ರಕ್ತ ಬೇಗ ನಿಲ್ಲದ ಈ ಬೇನೆಯನ್ನು ತಾಯಿ ಹೊತ್ತು ತರುತ್ತಾಳೆ, ಹೆಚ್ಚಾಗಿ ಗಂಡುಮಗ ನರಳುತ್ತಾನೆ. ಅವರು ಮುಚ್ಚಿಡಲಿಲ್ಲ, ವೈದ್ಯರಾದರು, ತಮ್ಮಂಥವರಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು.

ರೂಢಿಯ ಎದುರು ನಿಂತು ಆಡುವ ಮಾತು ನಮ್ಮ ನೆಲಕ್ಕೆ ಹೊಸದೇನಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರ ಕಾಲದಲ್ಲೇ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾಯಿತು. ಕುಲದ ಬೇಲಿ ದಾಟಿದ್ದಕ್ಕೆ ಶರಣರು ಪ್ರಾಣ ತೆತ್ತರು. ಸಂಗಮದಲ್ಲಿ ಮುಳುಗೆದ್ದು, ಐಕ್ಯಮಂಟಪಕ್ಕೆ ಇಳಿದು ಹಣೆ ಹಚ್ಚಿ ಬರುವ ನಾವು, ಜಾತಿಯ ಬೇಲಿ ದಾಟುವುದಿರಲಿ, ಒಂದೇ ಹಟ್ಟಿಯ ಹೊಸ್ತಿಲನ್ನೂ ದಾಟುವುದಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ದವಸ ಬೇಡಲಿಲ್ಲ, ದುಡ್ಡು ಬೇಡಲಿಲ್ಲ, ನಿಮ್ಮ ಚಟ ಕೊಡಿರೆಂದು ಬೇಡಿದರು. ಕುಡಿಯುವವರು ತಮ್ಮ ಕುಡಿತವನ್ನು ಆ ಜೋಳಿಗೆಗೆ ಹಾಕಿ ಮನೆಗೆ ಮರಳಿದರು. ಹೆಂಡತಿಯನ್ನು ಹೊಡೆಯುವ ಗಂಡನ ಮನೆಯ ವಿಚಾರವೂ ‘ಅವರ ಮನಿ ವಿಚಾರ’ವೇ ಆಗಿತ್ತು, ಸ್ವಾಮಿಗಳು ಹಾಗೆಂದುಕೊಂಡು ಮಠದಲ್ಲಿ ಕೂರಲಿಲ್ಲ. ಮಹಾಂತ ಜೋಳಿಗೆಯ ಊರಿನವರೇ, ಮಠದ ಅಪ್ಪನವರೇ, ಸಾಮೂಹಿಕ ವಿವಾಹಗಳಲ್ಲಿ ಸಾಲುಸಾಲಾಗಿ ಬಾಸಿಂಗ ಕಟ್ಟಿಸುವ ಪುಣ್ಯವಂತರೇ, ಜೋಡಿಗಳ ಹೆಸರು ಬರೆದುಕೊಳ್ಳುವ ಆ ವಹಿಯಲ್ಲಿ ಇನ್ನೊಂದು ಅಂಕಣ ಎಳೆಯಿರಿ. ರಕ್ತ ಪರೀಕ್ಷೆ ಆಗಿದೆಯೇ? ಇಬ್ಬರ ನಡುವೆ ಯಾವ ನಂಟು? ಹುಡುಗಿಗೆ ವಯಸ್ಸೆಷ್ಟು? ನೀವು ಕೇಳಿದರೆ ಯಾರೂ ಎದುರಾಡುವುದಿಲ್ಲ. ಡಾಕ್ಟರು ಕೇಳಿದರೆ ಸಿಟ್ಟಾಗುವ ಅಜ್ಜ, ನೀವು ಕೇಳಿದರೆ ತಲೆ ತಗ್ಗಿಸಿ ಉತ್ತರ ಹೇಳುತ್ತಾನೆ.

ಬೇಡುವುದು ದೊಡ್ಡದೇನನ್ನೂ ಅಲ್ಲ. ಸಾಲಾವಳಿ ಕೂಡಿಸುವ ಮೊದಲು ಎರಡೂ ಕಡೆಯ ಮೂರು ತಲೆಮಾರು ಕೇಳಿರಿ: ಸಣ್ಣದರಲ್ಲೇ ಹೋದ ಕೂಸು ಯಾವುವು, ಕಿವಿ ಕೇಳದವರು ಯಾರು, ಇರುಳುಗುರುಡು ಯಾರಿಗೆ, ರಕ್ತ ಹಾಕಿಸಿಕೊಳ್ಳುವವರು ಯಾರು. ಉತ್ತರ ಕೇಳಿ ನಂಟು ಮುರಿಯಬೇಡಿ, ಪರೀಕ್ಷೆಗೆ ಕಳಿಸಿ. ಥಲಸ್ಸೀಮಿಯಾದ ವಾಹಕಳೆಂದು ತಿಳಿದ ಹುಡುಗಿಯ ಮೇಲೆ ಆ ಮಾತು ಕಳಂಕವಾಗಿ ಉಳಿಯದಂತೆ ನೋಡಿಕೊಳ್ಳಿ. ಆಕೆ ವಾಹಕನಲ್ಲದ ಯಾವ ಹುಡುಗನನ್ನು ಮದುವೆಯಾದರೂ ಅವಳ ಮಕ್ಕಳಿಗೆ ಆ ರೋಗ ಬರುವುದಿಲ್ಲ. ಆಗಲೇ ಲಗ್ನವಾಗಿ ಬಸಿರಾಗಿದ್ದರೆ, ಮೊದಲ ಮೂರು ತಿಂಗಳೊಳಗೇ ಅವರನ್ನು ತಜ್ಞರ ಬಳಿ ಕಳಿಸಿ. ಹೆಣ್ಣೋ ಗಂಡೋ ನೋಡುವುದನ್ನು 1994ರ ಕಾಯಿದೆ ತಡೆದಿದೆಯೇ ಹೊರತು, ಗರ್ಭದಲ್ಲಿ ಥಲಸ್ಸೀಮಿಯಾದಂಥ ರೋಗವಿದೆಯೇ ಎಂದು ನೋಂದಾಯಿತ ಕೇಂದ್ರದಲ್ಲಿ ನೋಡುವುದನ್ನು ತಡೆದಿಲ್ಲ. ತಿಳಿದ ಮೇಲಿನ ನಿರ್ಧಾರ ಆ ತಾಯಿಯದು, ಆಕೆಯ ಮೇಲೆ ಯಾವ ಕಡೆಯಿಂದಲೂ ಒತ್ತಡ ಬೇಡ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಪರೂಪದ ಕಾಯಿಲೆಗಳಿಗೆ ಗುರುತಾದವು. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯ ಕೆಳಗೆ ಕೆಲವು ಕಾಯಿಲೆಗಳಿಗೆ ಸರ್ಕಾರದ ಹಣವೂ ಸಿಗುತ್ತದೆ. ಆದರೆ ಬಾದಾಮಿಯಿಂದ ಬೆಂಗಳೂರಿಗೆ ಒಂದು ಇಡೀ ರಾತ್ರಿಯ ರೈಲಿದೆ. ಟಿಕೆಟ್ ತೆಗೆಸಿಕೊಟ್ಟು, ಅರ್ಜಿ ಬರೆದುಕೊಟ್ಟು, ಅಲ್ಲಿ ಇಳಿದ ಮೇಲೆ ಯಾರನ್ನು ಕೇಳಬೇಕೆಂದು ಚೀಟಿ ಬರೆದು ಕೈಗಿಡುವವರು ಬೇಕು. ಅದು ನಿಮ್ಮ ಕೈಲಾಗದ ಕೆಲಸವೇ?

ಆಗಲೇ ಹುಟ್ಟಿ ಬಂದ ಮಕ್ಕಳ ಮುಂದೆ ಮಾತ್ರ ಈ ಲೆಕ್ಕವನ್ನೆಲ್ಲ ಆಡಬೇಡಿ. ‘ನಿನ್ನಂಥವರು ಹುಟ್ಟಬಾರದಿತ್ತು’ ಎಂದು ಆ ಎಂಟು ವರ್ಷದವನ ಕಿವಿಗೆ ಬೀಳುವಂತೆ ಯಾರೂ ಮಾತಾಡಬೇಡಿ. ಅವನಿಗೆ ಬೇಕಾದದ್ದು ರಕ್ತ, ಕೊಡಿ. ಹದಿನೆಂಟು ದಾಟಿದ, ಆರೋಗ್ಯವಾಗಿರುವ ಗಂಡಸು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು, ಹೆಂಗಸು ನಾಲ್ಕು ತಿಂಗಳಿಗೊಮ್ಮೆ. ಬೇಸಿಗೆಯಲ್ಲಿ ಕಾಲೇಜುಗಳು ಮುಚ್ಚಿ ಶಿಬಿರಗಳು ನಿಂತಾಗ ರಕ್ತನಿಧಿ ಬರಿದಾಗುತ್ತದೆ. ಅವನ ಮೂರು ವಾರ ರಜೆ ನೋಡಿ ಬರುವುದಿಲ್ಲ.

ಲಗ್ನದ ದಿನಗಳು ಮತ್ತೆ ಬರುತ್ತವೆ. ಯಾರದೋ ಪಡಸಾಲೆಯಲ್ಲಿ ಜಮಖಾನೆ ಹಾಸಿ, ತಾಟಿನಲ್ಲಿ ಎಲೆ ಅಡಕೆ ಇಟ್ಟು, ನಿಮ್ಮನ್ನು ನಡುವೆ ಕೂರಿಸುತ್ತಾರೆ. ಒಳಗೆ ಬಾಗಿಲ ಹಿಂದೆ ಒಬ್ಬ ಹುಡುಗಿ ನಿಂತಿರುತ್ತಾಳೆ, ಆಕೆಯನ್ನು ಯಾರೂ ಕೇಳಿರುವುದಿಲ್ಲ. ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ತಾಟು ಕೈಗೆ ತೆಗೆದುಕೊಳ್ಳುವ ಮೊದಲು ದಯಮಾಡಿ ಹೇಳಿ: ‘ತಡೀರಿ, ಮೊದಲ ಇಬ್ಬರ ರಕ್ತಾ ತೋರಸೂಣು.’